ಕಾಕಾನ ಹೆಸರಿನ ಕಡಬು

— ಆ ಡಬ್ಬಿ ಆಮ್ಯಾಲೆ ತಗಿಯಂತಿ, ಮೊದಲು ಇಲ್ಲಿ ಕುಂದ್ರು. ಹೋದ ವರ್ಷ ಫೋನಿನ್ಯಾಗ ಏನಂದಿದ್ದಿ? ಒಂದು ದೇಶಾನ ಎರಡು ದಿನದಾಗ ನಡಕೊಂತ ನೋಡಿ ಮುಗಿಸಿದೆ ಅಂದಿದ್ದಿ. ಆ ಮಾತು ಅರ್ಧಕ್ಕ ನಿಂತೈತಿ.

— ಹೇಳಾಕಂತನ ಬಂದೀನ್ರಿ ಕಾಕಾ. ಡಬ್ಬಿಯಾಗ ಏನೈತ್ರಿ?

— ಪೀಠಾ. ಬಂಗಾಲಿಗಳ ಆರ್.ಎಚ್. ಕ್ಯಾಂಪಿನಿಂದ ಬಂದದ್ದು. ನನ್ನ ಕಡೆ ಕಲ್ತ ಹುಡುಗ, ಈಗ ತಾನೂ ಮಾಸ್ತರ ಆಗ್ಯಾನ. ಸಂಕ್ರಾಂತಿ ಬಂತಂದ್ರ ಅವರ ಮನಿಯಾಗ ಅಕ್ಕಿಹಿಟ್ಟಿನ ಪೀಠಾ ಮಾಡ್ತಾರ, ಒಂದು ಡಬ್ಬಿ ನಮ್ಮ ಮನಿಗೆ ಬರ್ತೈತಿ. ಒಳಗ ಕೊಬ್ರಿ, ಬೆಲ್ಲ. ನೋಡಾಕ ನಮ್ಮ ಕಡಬಿನಂಗ. ಅದಿರಲಿ, ನೀ ಹೇಳು. ಎಷ್ಟು ದೊಡ್ಡದು ಆ ಮೊನಾಕೊ?

— ಎರಡು ಚದರ ಕಿಲೋಮೀಟರಿಗೆ ಒಂದೀಟು ಹೆಚ್ಚು. ನಿಮ್ಮ ಲೆಕ್ಕದಾಗ 500 ಎಕರೆ ಚಿಲ್ರ. ವ್ಯಾಟಿಕನ್ ಬಿಟ್ರ ಜಗತ್ತಿನ್ಯಾಗ ಅದಕ್ಕಿಂತ ಸಣ್ಣ ದೇಶ ಇಲ್ಲ.

— 500 ಎಕರೆ! ನಮ್ಮ ತುಂಗಭದ್ರಾ ಎಡದಂಡಿ ಕಾಲುವಿಯ ಒಂದು ತೂಬಿನ ಕೆಳಗ ಅಷ್ಟು ಗದ್ದಿ ಇರ್ತಾವ. ಜನ ಎಷ್ಟು?

— 38 ಸಾವಿರದ ಮ್ಯಾಲೆ. ಹಿಂದ ಕಡಿದಾದ ಗುಡ್ಡ, ಮುಂದ ಸಮುದ್ರ, ಮೂರು ಕಡೆ ಫ್ರಾನ್ಸು. ನೆಲ ಸಾಲೋದಿಲ್ಲ ಅಂತ ಸಮುದ್ರಕ್ಕ ಮಣ್ಣು ತುಂಬಿ ನೆಲ ಮಾಡ್ಕೋತಾರ. 1970ರ ದಶಕದಾಗ ಫೋಂತ್ವಿಯೈ ಅನ್ನೋ ಇಡೀ ಬಡಾವಣಿ ಹಂಗ ಎದ್ದದ್ದು. ನಾ ಹೋಗೋದಕ್ಕ ಒಂದು ತಿಂಗಳ ಮೊದಲು, 2024ರ ಡಿಸೆಂಬರಿನ್ಯಾಗ, ಮಾರೆತೆರ್ರಾ ಅಂತ ಮತ್ತೊಂದು ತುಂಡು ತೆರೆದಿದ್ರು. 6 ಹೆಕ್ಟೇರು, ಅಂದ್ರ ಹದಿನೈದು ಎಕರೆ. ರೈಲು ನಿಲ್ದಾಣ ಸೈತ ಗುಡ್ಡದ ಹೊಟ್ಟಿಯೊಳಗ. 1999ರಾಗ ಹಳಿ ಎಲ್ಲಾ ಒಳಗ ಇಳಿಸಿ, ಮ್ಯಾಲಿನ ನೆಲ ಉಳಿಸಿಕೊಂಡ್ರು.

— ನಮ್ಮ ಸಿಂಧನೂರು ರೈಲಿನ ಮಾರಿ ಕಂಡದ್ದ 2024ರಾಗ. ನೀ ಇರೋ ಫ್ರಾನ್ಸಿನ ನೈಸ್ ಊರಿನಿಂದ ಅಲ್ಲಿಗೆ ದೂರ ಏನು?

— ರೈಲಿನ್ಯಾಗ ಅರ್ಧ ತಾಸು ಸೈತ ಹಿಡಿಯೋದಿಲ್ಲ. ಮುಂಜಾನಿ ಏಳರ ರೈಲಿಗೆ ಹೋಗಿದ್ದೆ. ಕಾಲಿಡಾಕ ಜಾಗ ಇರಲಿಲ್ಲ. ನೋಡಾಕ ಹೊಂಟವರು ನಾವು ನಾಕು ಮಂದಿ ಇರಬೇಕು, ಉಳಿದವರೆಲ್ಲಾ ದುಡಿಯಾಕ ಹೊಂಟವರು. ಹೋಟೆಲಿನ ಅಡಿಗಿಯವರು, ಮನಿಗೆಲಸದವರು, ನರ್ಸುಗಳು, ಗೌಂಡಿ ಕೆಲಸದವರು, ಬ್ಯಾಂಕಿನ ಗುಮಾಸ್ತರು. ಆ ದೇಶದಾಗ ವಾಸ ಇರೋರಿಗಿಂತ ಫ್ರಾನ್ಸು, ಇಟಲಿಯಿಂದ ದಿನಾ ಕೆಲಸಕ್ಕ ಬಂದು ಹೋಗೋರ ಹೆಚ್ಚು. ಸಂಜಿಕ ಎಲ್ಲಾರೂ ಹೊಳ್ಳಿ ಹೋಗ್ತಾರ. ಅಲ್ಲಿಯ ಬಾಡಿಗಿ ಅವರ ಪಗಾರಕ್ಕ ಎಟಕಂಗಿಲ್ಲ.

— ನಾಟಿ ಹಚ್ಚೋ ದಿನಗಳಾಗ ಮಸ್ಕಿ, ಲಿಂಗಸುಗೂರು ಕಡಿಯಿಂದ ಟಂಟಂನ್ಯಾಗ ಹೆಣ್ಣುಮಕ್ಕಳು ಬರ್ತಾರಲ್ಲ, ಕಣ್ಣ ಮುಂದ ಹಂಗ ಬಂತು ನೋಡು. ಮಳಿ ನೆಚ್ಚಿದ ಊರಿನವರು ನೀರು ಬಂದ ಊರಿಗೆ ದುಡಿಯಾಕ ಬರ್ತಾರ. ಬುತ್ತಿಗಂಟು ತೊಡಿ ಮ್ಯಾಲಿಟ್ಟುಕೊಂಡು ಕುಂತಿರ್ತಾರ. ನಿನ್ನ ರೈಲಿನ್ಯಾಗೂ ಬುತ್ತಿ ಇದ್ದಾವೇನು?

— ಇದ್ವು. ನನ್ನ ಮುಂದ ಕುಂತ ಹೆಣ್ಣುಮಗಳು ಚೀಲದಾಗ ಡಬ್ಬಿ ಇಟ್ಟುಕೊಂಡಿದ್ದಳು. ಮೊನಾಕೊ ಅಂದ್ರ ಎಲ್ಲಾರೂ ಬಂದರದಾಗಿನ ದೊಡ್ಡ ದೊಡ್ಡ ವಿಹಾರದೋಣಿ, ರಾಜಕುಮಾರನ್ನ ಮದುವಿಯಾದ ಸಿನಿಮಾ ನಟಿ ಗ್ರೇಸ್ ಕೆಲ್ಲಿ, ಓಣಿಯೊಳಗ ನಡೆಯೋ ಕಾರಿನ ಓಟ ಅಂತಾರ. ನನಗ ಮೊದಲು ನೆನಪಾಗೋದು ಆ ಡಬ್ಬಿ.

— ಹಂಗಾರ ತಿಂದದ್ದು ಹೇಳು. ಅಷ್ಟು ಸಿರಿವಂತರ ಊರಿನ್ಯಾಗ ಏನು ತಿಂದಿ?

— ಬಂದರದ ಹಿಂದ ಲಾ ಕೊಂದಮೀನ್ ಅಂತ ಒಂದು ಪ್ಯಾಟಿ ಐತಿ ಕಾಕಾ, 1880ರಿಂದ ನಡಕೊಂತ ಬಂದದ್ದು. ಹೊರಗ ಬಯಲಿನ್ಯಾಗ ಕಾಯಿಪಲ್ಯ, ಹಣ್ಣು, ಹೂವು. ಒಳಗ ತಿನ್ನೋ ಅಂಗಡಿ. ಪೊಲೀಸರು, ಬಣ್ಣ ಬಳಿಯೋರು, ಸಾಲಿ ಬಿಟ್ಟ ಹುಡುಗರು, ಮುದುಕರು, ಎಲ್ಲಾರೂ ಒಂದ ಬಾಕಿನ ಮ್ಯಾಲೆ. ಮೊದಲು ಸೊಕ್ಕಾ ತಿಂದೆ. ಕಡ್ಲಿಹಿಟ್ಟಿಗೆ ನೀರು, ಉಪ್ಪು, ಆಲಿವ್ ಎಣ್ಣಿ ಹಾಕಿ ತೆಳ್ಳಗ ಕಲಸಿಟ್ಟಿರ್ತಾರ. ಅದನ್ನ ದೊಡ್ಡ ತಾಮ್ರದ ಹರಿವಾಣದಾಗ ಹೊಯ್ದು ಕಟಗಿ ಒಲಿಯೊಳಗ ತಳ್ತಾರ. ಮ್ಯಾಲೆ ಅಲ್ಲಲ್ಲಿ ಕರ್ರಗ ಸುಡಬೇಕು, ಒಳಗ ಮೆತ್ತಗ ಉಳೀಬೇಕು. ಕೆರೆದು ಚೂರು ಮಾಡಿ, ಕರಿಮೆಣಸಿನ ಪುಡಿ ಉದುರಿಸಿ, ಕಾಗದದಾಗ ಹಾಕಿ ಕೊಡ್ತಾರ.

— ಕಡ್ಲಿಹಿಟ್ಟಾ? ಹಂಗಾರ ಅದು ನಮ್ಮ ಜುಣಕಾನ ಆತಲ್ಲ.

— ಮೊದಲ ತುತ್ತಿಗೆ ನನಗೂ ಹಂಗ ಅನಿಸ್ತು. ಬಳ್ಳೊಳ್ಳಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಒಗ್ಗರಣಿ ಇಲ್ಲ. ಆದ್ರ ತಳ ಹತ್ತಿದ ಜುಣಕಾನ ಅವ್ವ ಹುಟ್ಟಿಲೆ ಕೆರೆದು ರೊಟ್ಟಿ ಮ್ಯಾಲೆ ಹಾಕ್ತಿದ್ದಳಲ್ಲ, ಅದ ವಾಸನಿ. ಪರದೇಶದಾಗ ಐದು ವರ್ಷ ಇದ್ದು, ಒಂದು ತಿನಿಸು ಬಾಯಾಗಿಟ್ಟ ಕೂಡಲೆ ಕಣ್ಣಾಗ ನೀರು ಬಂದದ್ದು ಅದ ಮೊದಲು.

— ಕಡ್ಲಿ ಅಂಥಾ ಕಾಳು ಮಗಳ. ಹಿಂಗಾರಿಯಾಗ ಎರಿ ಹೊಲದಾಗ ಬಿತ್ತಿದ್ರ ಮಳಿ ಕೇಳೋದಿಲ್ಲ, ನೆಲದ ಹಸಿ, ಮ್ಯಾಲಿನ ಇಬ್ಬನಿ ಕುಡಿದು ಬರ್ತೈತಿ. ಬಡವರ ಒಲಿಗೆ ಅದ ಆಸರ. ಅಲ್ಲಿಯೂ ಹಡಗಿನ ಕೂಲಿಯವರ, ಮೀನುಗಾರರ ತಿನಿಸ ಇರಬೇಕದು.

— ಹೌದ್ರಿ. ನೈಸಿನಿಂದ ಹಿಡಿದು ಇಟಲಿಯ ಜಿನೋವಾ ತನಕ ಆ ದಂಡಿಯುದ್ದಕ್ಕೂ ಅದನ್ನ ತಿಂತಾರ, ಊರಿಗೊಂದು ಹೆಸರು. ಸ್ಟೊಕಾಫಿ ಅಂತ ಇನ್ನೊಂದು ಸಾರು. ಉತ್ತರದ ನಾರ್ವೆಯಿಂದ ಬರೋ ಒಣಮೀನನ್ನ ದಿನಗಟ್ಟಲೆ ನೀರಿನ್ಯಾಗ ನೆನಸಿ, ಟೊಮ್ಯಾಟೊ, ಆಲೂಗಡ್ಡಿ, ಆಲಿವ್ ಕಾಯಿ ಹಾಕಿ ಕುದಸ್ತಾರ. ಸಮುದ್ರ ಕಾಲ ಕೆಳಗ ಐತಿ, ಆದ್ರೂ ಅಷ್ಟು ದೂರದ ಒಣಮೀನು ಅವರ ಮನಿ ಅಡಿಗಿ. ನಾ ಮೀನು ತಿನ್ನೋದಿಲ್ಲ, ಅದರ ರುಚಿ ಹೇಳಾಕ ನನಗ ಬರೋದಿಲ್ಲ. ಸಿಹಿ ಮಾತ್ರ ಬಿಡಲಿಲ್ಲ. ಫೂಗಾಸ್ ಅಂತ ಚಪ್ಪಟಿ ರೊಟ್ಟಿ, ಕಿತ್ತಳಿ ಹೂವಿನ ನೀರಿನ ಘಮ, ಮ್ಯಾಲೆ ಬಾದಾಮಿ, ಕೆಂಪು ಬಿಳಿ ಸಕ್ರಿ ಸುತ್ತಿದ ಸೋಪಿನ ಕಾಳು. ಖಾನಾವಳಿಯಾಗ ಊಟ ಆದಮ್ಯಾಲೆ ಬಣ್ಣದ ಬಡೇಸೋಪು ಕೊಡ್ತಾರಲ್ಲ, ಅಂಥಾವ ಕಾಳು. ಆ ಕೆಂಪು ಬಿಳಿ ಅವರ ಬಾವುಟದ ಬಣ್ಣ.

— ಕಡಬಿನ ಮಾತು ಏನೋ ಅಂದಿದ್ದಿ ಫೋನಿನ್ಯಾಗ.

— ಅದಕ್ಕ ಬಂದೆ. ಸೊಕ್ಕಾ ತಿಂದು ತಿರುಗಿದ್ರ ಪಕ್ಕದ ಅಂಗಡಿ ಗಾಜಿನೊಳಗ ಒಂದು ರಾಶಿ ಕರಿದ ಕಡಬು! ನಾ ಅಲ್ಲೇ ನಿಂತುಬಿಟ್ಟೆ. ಅಂಗೈಯಾಗ ಹಿಡಿಯೋ ಅಷ್ಟು, ಅಂಚು ಒತ್ತಿ ಮುಚ್ಚಿದ್ದು, ನಮ್ಮ ಕರಿಗಡಬಿನಂಗ. ಒಳಗ ಹೂರಣ ಅಲ್ಲ, ಸೊಪ್ಪು. ಬೀಟ್‌ರೂಟ್ ಜಾತಿಯದ ಒಂದು ಅಗಲೆಲಿ ಸೊಪ್ಪು, ಸಣ್ಣಗ ಹೆಚ್ಚಿ ಬಾಡಿಸಿ, ಉಳ್ಳಾಗಡ್ಡಿ, ತತ್ತಿ, ರಿಕೋಟಾ ಅಂತ ಮೆತ್ತನ್ನ ಚೀಸು ಕೂಡಿಸಿರ್ತಾರ. ಕೆಲವರು ಕುಂಬಳಕಾಯಿ ಹಾಕ್ತಾರ. ಕೆಲವು ಮನಿಯವರು ಅಕ್ಕಿ ಹಾಕ್ತಾರ. ಮೊನಾಕೊದ ಸ್ವಂತ ತಿನಿಸು ಅಂದ್ರ ಇದ. ನವೆಂಬರ್ 19 ಅವರ ರಾಷ್ಟ್ರೀಯ ದಿನ, ಅವತ್ತು ಇದು ಆಗಲೇಬೇಕು. ಹೆಸರು ಬಾರ್ಬಜುವಾನ್. ಅಂಗಡಿ ಮುದುಕಿಗೆ ಹಂಗಂದ್ರ ಏನು ಅಂತ ಕೇಳಿದೆ. ‘ಜುವಾನ್’ ಅಂದ್ರ ಜಾನ್. ‘ಬಾರ್ಬಾ’ ಅಂದ್ರ ಕಾಕಾ. ಜಾನ್ ಕಾಕಾ.

— ತಿನಿಸಿನ ಹೆಸರ ಕಾಕಾ?

— ಹೌದ್ರಿ. ಅವರು ಒಂದು ಕಥಿ ಹೇಳ್ತಾರ. ಜಾನ್ ಕಾಕಾ ಅನ್ನಾವ ಒಂದು ದಿನ ಸೊಪ್ಪು ತುಂಬಿದ ರಾವಿಯೋಲಿ ಮಾಡಿದ್ನಂತ. ಅದನ್ನ ಬೇಸಿ ಮ್ಯಾಲೆ ಸಾರು ಹೊಯ್ಯಬೇಕು. ಮನಿಯಾಗ ಸಾರಿಗೆ ಏನೂ ಇರಲಿಲ್ಲ. ಇದ್ದ ಎಣ್ಣಿಯಾಗ ಕರಿದು ಮಕ್ಕಳಿಗೆ ಕೊಟ್ಟ. ಅವತ್ತಿನಿಂದ ಅವನ ಹೆಸರು ನಿಂತ್ತು. ನಾ ಪೊಟ್ಟಣ ಹಿಡಕೊಂಡು ಬಂದರದ ಕಟ್ಟಿ ಮ್ಯಾಲೆ ಕುಂತು ನಿಮಗ ಫೋನ್ ಹಚ್ಚಿದ್ದು ಅದಕ್ಕ.

— ನಾ ಅವತ್ತು ನೀ ಯಾಕ ಹಂಗ ಮಾತಾಡಾಕತ್ತಿ ಅಂತ ಅಂಜಿದ್ದೆ. ದನಿ ಸಣ್ಣಗಾಗಿತ್ತು ನಿನ್ನದು.

— ಅವ್ವ ಆಸ್ಪತ್ರಿಯಾಗಿದ್ದಾಗ ನೀವು ಮಾಡಿ ಹಾಕಿದ್ದು ನೆನಪಾಗಿತ್ತು ಕಾಕಾ. ಗಂಡಸರು ಒಲಿ ಮುಂದ ಕುಂದರಲಾರದ ಕಾಲದಾಗ ನೀವು ನಮಗ ಅನ್ನ ಬಸಿದು ಕೊಟ್ರಿ. ಒಂದು ದಿನ ಬ್ಯಾಳಿ ಇರಲಿಲ್ಲ. ಅನ್ನಕ್ಕ ಶೇಂಗಾದ ಹಿಂಡಿ, ಎಣ್ಣಿ ಹಾಕಿ ಕಲಸಿ ಉಂಡಿ ಕಟ್ಟಿ ಕೊಟ್ಟಿದ್ರಿ.

— ಇರಲಿ ಬಿಡು. ಆ ಅಜ್ಜಿ ಯಾವ ಭಾಷಾದಾಗ ಹೇಳಿದಳು ಅದನ್ನ?

— ನನ್ನ ಕೂಡ ಫ್ರೆಂಚ್. ಆದ್ರ ಆ ಎರಡು ಶಬ್ದ ಮುನೆಗಾಸ್ಕು. ಮೊನಾಕೊದವರ ಮೂಲ ಮಾತು ಅದು, ಜಿನೋವಾ ಕಡಿಯ ಲಿಗುರಿಯನ್ ಭಾಷಾದ ಒಂದು ಬಗಿ. ಗುಡ್ಡದ ಮ್ಯಾಲೆ ಹಳೇ ಊರಿನ್ಯಾಗ ಓಣಿಯ ಹೆಸರಿನ ಕಲ್ಲು ಎರಡೂ ಭಾಷಾದಾಗ ಅದಾವ. ಒಂದು ಕಾಲಕ್ಕ ಆ ಮಾತು ಮುದುಕರ ಬಾಯಾಗಷ್ಟ ಉಳಿದಿತ್ತು. ಅದರಾಗ ಬರೆದ ಸಾಹಿತ್ಯ ಅಂತ ಮೊದಲು ಬಂದದ್ದ 1927ರಾಗ, ಲೂಯಿ ನೊತಾರಿ ಅನ್ನೋ ಕವಿಯ ಕಥನಕಾವ್ಯ. ಅವರ ನಾಡಗೀತಿಗೆ ಮುನೆಗಾಸ್ಕು ಮಾತು ಹೊಂದಿಸಿದವನೂ ಅವನ. ವ್ಯಾಕರಣದ ಪುಸ್ತಕ ಬಂದದ್ದು 1960ರಾಗ, ನಿಘಂಟು 1963ರಾಗ. 1976ರಿಂದ ಸಾಲಿಯಾಗ ಕಲಸಾಕತ್ತಿದ್ರು. ಈಗ ಮೊಮ್ಮಕ್ಕಳು ಪುಸ್ತಕದಿಂದ ಕಲ್ತು ಬಂದು ಅಜ್ಜ-ಅಜ್ಜಿಗೆ ಮಾತಾಡ್ತಾವಂತ.

— ನಡುವಿನ ತಲಿಮಾರಿಗೆ ಬರೋದಿಲ್ಲ, ಹಿಂದಿನವರಿಗೂ ಮುಂದಿನವರಿಗೂ ಬರ್ತೈತಿ. ಇದು ನನಗ ಗೊತ್ತಿರೋ ನೋವು. ನಮ್ಮ ಅಪ್ಪ ಕಲ್ತದ್ದು ಉರ್ದು ಸಾಲಿಯಾಗ. ನಿಜಾಮನ ರಾಜ್ಯ, ಕಚೇರಿ ಉರ್ದು, ಸಾಲಿ ಉರ್ದು. ಲೆಕ್ಕ, ಕಾಗದ, ಸಾಲದ ಚೀಟಿ ಎಲ್ಲಾ ಉರ್ದುನಾಗ ಬರೀತಿದ್ದ. ಉರ್ದು ಚಂದದ ಭಾಷಾ, ಅಪ್ಪ ಅದನ್ನ ಪ್ರೀತಿಲೆ ಓದ್ತಿದ್ದ. ಆದ್ರ ಅವ್ವಗ ಒಂದು ಪತ್ರ ಬರೀಬೇಕಂದ್ರ ಕನ್ನಡ ಅಕ್ಷರ ಅವನ ಕೈಗೆ ಬರ್ತಿರಲಿಲ್ಲ. 1948ರ ಸೆಪ್ಟೆಂಬರಿನ್ಯಾಗ ಹೈದರಾಬಾದು ಭಾರತಕ್ಕ ಸೇರಿದ ಮ್ಯಾಲೆ, ನಾಕು ಮಕ್ಕಳ ತಂದಿ ಆದಮ್ಯಾಲೆ, ನಿಮ್ಮಪ್ಪನ ಪಾಟಿ ಮ್ಯಾಲೆ ಅ ಆ ಇ ಈ ತಿದ್ದಿದ. ನಾ ಮಾಸ್ತರ ಆಗಿ ಮೊದಲ ದಿನ ಹಲಗಿ ಮ್ಯಾಲೆ ಕನ್ನಡ ಬರೆದಾಗ ಕಣ್ಣ ಮುಂದ ಅದ ಪಾಟಿ ಇತ್ತು. ಅದಕ್ಕ, 1976ರಾಗ ಒಂದು ಸಣ್ಣ ದೇಶ ತನ್ನ ಮಾತನ್ನ ಸಾಲಿಯೊಳಗ ಕರ್ಕೊಂಡು ಬಂತು ಅಂದ್ರ ಅದನ್ನ ನಾ ಸಣ್ಣ ಸುದ್ದಿ ಅನ್ನೋದಿಲ್ಲ.

— ಆ ದೇಶದಾಗ ದೇಶದವರ ಕಡಿಮಿ ಕಾಕಾ. ವಾಸ ಇರೋರಲ್ಲಿ ನಾಕು ಮಂದಿಗೆ ಒಬ್ಬರು ಮೊನಾಕೊ ಪ್ರಜೆಗಳು. ಉಳಿದವರು ನೂರಕ್ಕೂ ಹೆಚ್ಚು ದೇಶದವರು. ಫ್ರೆಂಚರು, ಇಟಾಲಿಯನ್ನರು, ಆಮ್ಯಾಲೆ ಆದಾಯ ತೆರಿಗಿ ಇಲ್ಲ ಅಂತ ಬಂದು ನೆಲೆಸಿದ ಸಿರಿವಂತರು.

— ತೆರಿಗಿ ಇಲ್ಲದ ಸರಕಾರ ಹೆಂಗ ನಡೀತೈತಿ? ಆ ಜೂಜುಕಟ್ಟಿಯಿಂದನಾ?

— ಶುರು ಆದದ್ದು ಹಂಗ. ಮೊದಲು ನಿಂಬಿಹಣ್ಣಿನ ಮಾತು ಹೇಳಬೇಕು. ಮೊನಾಕೊ ಆಗ ಇಷ್ಟು ಸಣ್ಣದಿರಲಿಲ್ಲ. ಪಕ್ಕದ ಮಾಂತೋಂ, ರೊಕ್‌ಬ್ರೂನ್ ಅದರವ. ಮಾಂತೋಂ ಇವತ್ತಿಗೂ ನಿಂಬಿಹಣ್ಣಿಗೆ ಹೆಸರುವಾಸಿ. ರಾಜನ ಮನೆತನಕ್ಕ ಆ ತೋಟದ ನಿಂಬಿ, ಆಲಿವಿನ ಸುಂಕದಿಂದ ವರಮಾನ. ಸುಂಕದ ಭಾರ ತಾಳಲಾರದ ಆ ಎರಡು ಊರು 1848ರಾಗ ಸಿಡಿದು ಬ್ಯಾರೆ ಆದ್ವು. 1861ರಾಗ ರಾಜ 40 ಲಕ್ಷ ಫ್ರಾಂಕಿಗೆ ಅವನ್ನ ಫ್ರಾನ್ಸಿಗೆ ಬರೆದುಕೊಟ್ಟ. 100 ಎಕರೆಯಾಗ 95 ಎಕರೆ ಹೋದಂಗ. ಉಳಿದದ್ದು ಒಂದು ಬಂಡಿಗಲ್ಲು, ಒಂದು ಬಂದರ. 1863ರಾಗ ಕ್ಯಾಸಿನೊ ತೆರೆದ್ರು. ಅದಿದ್ದ ಬೋಳು ಗುಡ್ಡಕ್ಕ 1866ರಾಗ ಮಾಂಟೆ ಕಾರ್ಲೊ ಅಂತ ಹೆಸರಿಟ್ರು, ರಾಜ ಮೂರನೇ ಚಾರ್ಲ್ಸನ ಹೆಸರು ಅದು. 1869ಕ್ಕ ಪ್ರಜೆಗಳ ತೆರಿಗಿ ತಗದು ಹಾಕಿದ್ರು. ಆದ್ರ ಇಂಥಾದ್ದೊಂದು ನಿಯಮ ಮಾಡಿದ್ರು ನೋಡ್ರಿ: ಮೊನಾಕೊ ಪ್ರಜೆ ಆ ಜೂಜಿನ ಮನಿಯೊಳಗ ಆಡಂಗಿಲ್ಲ. ಇವತ್ತಿಗೂ ಇಲ್ಲ.

— ಅದು ನನಗ ಸರಿ ಬರೋದಿಲ್ಲ ಮಗಳ. ತನ್ನ ಮಕ್ಕಳಿಗೆ ವಿಷ ಅಂತ ಗೊತ್ತಿದ್ದದ್ದನ್ನ ಬ್ಯಾರೆಯವರ ಮಕ್ಕಳಿಗೆ ಮಾರೋದು. ಇಸ್ಪೀಟಿನ್ಯಾಗ, ಕ್ರಿಕೆಟ್ ಬಾಜಿಯಾಗ ಹೊಲ ಕಳಕೊಂಡ ಮನಿಗಳನ್ನ ನಾ ಕಂಡೀನಿ. ಮನಿ ಹಿರೀ ಮಗ ಆಡಿದ, ಸಣ್ಣ ಮಗಳು ಸಾಲಿ ಬಿಟ್ಟಳು. ಹಾಜರಿ ಪುಸ್ತಕದಾಗ ಆ ಮಗಳ ಹೆಸರಿನ ಮುಂದ ಗೀಟು ಎಳೆದವ ನಾನು. ಆ ಜೂಜಿನ ಮನಿಯ ಕಂಬದೊಳಗ ಎಷ್ಟು ಮನಿಯ ಹೊಲ ಅದಾವೋ!

— ಒಳಗ ಅಂಗಳದ ತನಕ ಹೋಗಿದ್ದೆ. ಪ್ಯಾರಿಸಿನ ಅಪೆರಾ ಮನಿ ಕಟ್ಟಿದ ಶಾರ್ಲ್ ಗಾರ್ನಿಯೆನ ಇಲ್ಲಿಯೂ ಕಟ್ಟಿದವ. ಅದರೊಳಗ 1879ರಿಂದ ಒಂದು ಸಂಗೀತದ ರಂಗಮಂದಿರ ಐತಿ. ಚಂದ ಐತಿ, ಸುಳ್ಳು ಹೇಳೋದಿಲ್ಲ. ಆದ್ರ ಭಾಳ ಹೊತ್ತು ನಿಲ್ಲಾಕ ಆಗಲಿಲ್ಲ. ಈಗ ಅವರ ಬೊಕ್ಕಸಕ್ಕ ಜೂಜಿನ ಪಾಲು ಸಣ್ಣದು. ವ್ಯಾಪಾರದ ಮ್ಯಾಲಿನ ತೆರಿಗಿನ ದೊಡ್ಡದು. ಆ ದುಡ್ಡಿನ ಕಾಲದಾಗನ ಇನ್ನೊಂದು ಕೆಲಸಾನೂ ಆಗೈತಿ ಕಾಕಾ, ಅದನ್ನೂ ಕೇಳ್ರಿ. ಮೂರನೇ ಚಾರ್ಲ್ಸನ ಮಗ ಒಂದನೇ ಆಲ್ಬರ್ಟ್‌ಗ ಸಮುದ್ರದ ಹುಚ್ಚು. ಹಡಗು ಕಟ್ಟಿಸಿ, ವಿಜ್ಞಾನಿಗಳನ್ನ ಹತ್ತಿಸಿಕೊಂಡು, ವರ್ಷಾನುಗಟ್ಟಲೆ ಸಮುದ್ರದ ಆಳ ಅಳೆದ, ಜೀವಿಗಳನ್ನ ಕೂಡಿಸಿದ. 1901ರಾಗ ಅವನ ಹಡಗಿನ ಮ್ಯಾಲೆ ರಿಶೆ, ಪೋರ್ತಿಯೆ ಅನ್ನೋ ಇಬ್ಬರು ಅಂಬಲಿಮೀನಿನ ಜಾತಿಯದ ಒಂದು ಪ್ರಾಣಿಯ ವಿಷದ ಮ್ಯಾಲೆ ಕೆಲಸ ಶುರು ಮಾಡಿದ್ರು. ಒಮ್ಮೆ ಮೈಗೆ ಹೋದ ವಿಷ ಎರಡನೇ ಸಲ ಒಂದೀಟು ಹೋದ್ರೂ ಜೀವ ತಗೀತೈತಿ ಅಂತ ಅದರಿಂದ ಕಂಡುಕೊಂಡ್ರು. ಔಷಧಿ ಆಗಿ ಬರದವರಿಗೆ ಸೂಜಿ ಚುಚ್ಚಿದ್ರ ಉಸಿರು ಕಟ್ಟೋ ಆ ಅಪಾಯ ಡಾಕ್ಟರಿಗೆ ತಿಳಿದದ್ದು ಅಲ್ಲಿಂದ. ರಿಶೆಗೆ 1913ರಾಗ ನೊಬೆಲ್ ಬಂತು. ಆಲ್ಬರ್ಟ್ ಕಟ್ಟಿಸಿದ ಸಮುದ್ರ ವಸ್ತುಸಂಗ್ರಹಾಲಯ 1910ರಾಗ ತೆರೀತು. ಬಂಡಿಯ ಅಂಚಿಗೆ, ಸಮುದ್ರದಿಂದ ನೆಟ್ಟಗ ಮ್ಯಾಲೆದ್ದು ನಿಂತೈತಿ. ನಾ ಒಂದು ಇಡೀ ಮಧ್ಯಾಹ್ನ ಅಲ್ಲೇ ಕಳೆದೆ.

— ಅರಸನ ಮಗ ಅಂಬಲಿಮೀನು ನೋಡಿದ. ಭಾಳ ದೊಡ್ಡ ಮಾತು. ಆದ್ರೂ ಆ ಸಾಲಿ ಬಿಟ್ಟ ಹುಡುಗಿಯ ಲೆಕ್ಕ ಇದರಾಗ ಜಮಾ ಆಗೋದಿಲ್ಲ. ನೀ ಎಷ್ಟು ಹೇಳಿದ್ರೂ ನಾ ಒಪ್ಪೋದಿಲ್ಲ.

— ಒಪ್ಪಬ್ಯಾಡ್ರಿ. ನನಗೂ ಪೂರಾ ಒಪ್ಪಿಗಿಲ್ಲ.

— ನೀ ನಾಕರಾಗ ಒಬ್ಬರು ಅಂದದ್ದನ್ನ ನಾ ಇನ್ನೂ ಎಣಿಸಾಕತ್ತೀನಿ. ನಮ್ಮ ಸಿಂಧನೂರಿನ ಹಣೆಬರಹಾನೂ ಒಂದು ನೀರಿನ ಗೆರಿಲೆ ಬದಲಾತು. ನಮ್ಮ ಅಮ್ಮನ ಕಾಲಕ್ಕ ಇದು ಜೋಳದ ಸೀಮಿ. ಅನ್ನ ಅಂದ್ರ ಹಬ್ಬ, ಇಲ್ಲಾ ಬ್ಯಾನಿ ಬಿದ್ದವರಿಗೆ. 1953ರಾಗ ತುಂಗಭದ್ರಾ ಡ್ಯಾಮು ಮುಗೀತು, ಎಡದಂಡಿ ಕಾಲುವಿ ಬಂತು, ಎರಿ ಹೊಲ ಗದ್ದಿ ಆದ್ವು. ಕರಾವಳಿ ಆಂಧ್ರದಿಂದ ನೆಲ್ಲು ಬೆಳೆದು ಪಳಗಿದವರು ಬಂದ್ರು, ಹೊಲ ಕೊಂಡ್ರು, ಕ್ಯಾಂಪು ಕಟ್ಟಿದ್ರು. ಪೂರ್ವ ಪಾಕಿಸ್ತಾನದಾಗ ಮನಿ ಕಳಕೊಂಡ ಬಂಗಾಲಿಗಳನ್ನ ಸರಕಾರ ತಂದು ಇಳಿಸ್ತು, ಅದಕ್ಕ ಅದರ ಹೆಸರು ಆರ್.ಎಚ್., ಅಂದ್ರ ರಿಹ್ಯಾಬಿಲಿಟೇಶನ್ ಕ್ಯಾಂಪು. ಈಗ ರಸ್ತಾದ ಎರಡೂ ಬಾಜು ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಶೋರೂಮು. 2024ರ ಆಗಸ್ಟಿನ್ಯಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಅವತ್ತು ಇಡೀ ಊರಿಗೆ ನಿದ್ದಿ ಇರಲಿಲ್ಲ. ಗಿರಣಿಯವನಿಗೂ ಇಲ್ಲ, ಕೂಲಿಯವಳಿಗೂ ಇಲ್ಲ, ತೆಲುಗು ಮಾತಾಡೋನಿಗೂ ಬಂಗಾಲಿ ಮಾತಾಡೋನಿಗೂ ಇಲ್ಲ.

— ನೀವು ಮೊದಲು ಕ್ಯಾಂಪಿಗೆ ಹೋದದ್ದು ಯಾವಾಗ?

— ಹೊಸದಾಗಿ ಕೆಲಸಕ್ಕ ಸೇರಿದಾಗ. ಒಬ್ಬ ಹುಡುಗ ವಾರಗಟ್ಟಲೆ ಸಾಲಿಗೆ ಬರಲಿಲ್ಲ ಅಂತ ಹುಡುಕಿಕೊಂಡು ಹೋದೆ. ಅವನ ತಾಯಿಗೆ ಕನ್ನಡ ಬರ್ತಿರಲಿಲ್ಲ, ನನಗ ಬಂಗಾಲಿ ಬರ್ತಿರಲಿಲ್ಲ. ಸಾಸಿವಿ ಎಣ್ಣಿ ವಾಸನಿ ಮೂಗಿಗೆ ಬಡೀತು. ಖರೇ ಹೇಳ್ತೀನಿ, ಅವತ್ತು ಕುಂದ್ರಾಕ ಆಗಲಿಲ್ಲ. ಅವರು ಒಂದು ತಾಟಿನ್ಯಾಗ ಪೀಠಾ ತಂದಿಟ್ರು. ಅರ್ಧಚಂದ್ರದಂಗ ಮಡಚಿದ್ದು. ನನಗ ಅದರ ಆಕಾರ ಗೊತ್ತಿತ್ತು, ಕೈ ತಾನ ಹೋತು. ನಾ ತಿಂದಿದ್ದು ನೋಡಿ ಆ ತಾಯಿ ಅತ್ತಳು. ಯಾಕ ಅತ್ತಳು ಅಂತ ನಾ ಇವತ್ತಿನ ತನಕ ಕೇಳಿಲ್ಲ. ಮರುದಿನ ಹುಡುಗ ಸಾಲಿಗೆ ಬಂದ.

— ಈ ಡಬ್ಬಿ ಅವನದ?

— ಅವನದ. ಹೂಂ, ಮುಂದ ಹೇಳು. ಹಬ್ಬ ಗಿಬ್ಬ ಕಂಡ್ಯಾ ಅಲ್ಲಿ?

— ಕಂಡೆ. ನಾ ಹೋದದ್ದ ಅದಕ್ಕ. ಜನವರಿ 26.

— ನಮ್ಮ ಗಣರಾಜ್ಯೋತ್ಸವ!

— ಅವತ್ತು ಸಂಜಿಕ ಅವರು ದೋಣಿ ಸುಡ್ತಾರ. ಸಾಂತ್ ದೆವೋತ್ ಅಂತ ಒಬ್ಬ ಹುಡುಗಿ, ಕಾರ್ಸಿಕಾ ದ್ವೀಪದಾಕಿ. 4ನೇ ಶತಮಾನದ ಮೊದಲಿಗೆ, ರೋಮಿನವರು ಕ್ರೈಸ್ತರನ್ನ ಕೊಲ್ಲೋ ಕಾಲದಾಗ, ನಂಬಿದ್ದನ್ನ ಬಿಡಲಿಲ್ಲ ಅಂತ ಆಕಿಯನ್ನ ಕೊಂದ್ರು. ಹೆಣಾನ ದೋಣಿಯಾಗಿಟ್ಟು ಆಫ್ರಿಕಾದ ಕಡೆ ಹೊಂಟ್ರ ಬಿರುಗಾಳಿ ಎದ್ದಿತಂತ. ಆಕಿ ಬಾಯಿಂದ ಒಂದು ಪಾರಿವಾಳ ಹಾರಿ ದಾರಿ ತೋರಿಸ್ತಂತ. ದೋಣಿ ಬಂದು ಹತ್ತಿದ್ದು ಮೊನಾಕೊದ ದಂಡಿಗೆ. ಮುಂದ ಯಾವನೋ ಕಳ್ಳ ಆಕಿಯ ಎಲುಬು ಕದ್ದು ದೋಣಿಯಾಗ ಓಡ್ತಿದ್ದಾಗ ಮೀನುಗಾರರು ಹಿಡಿದು, ಅವನ ದೋಣಿ ಸುಟ್ರು. ಅದರ ನೆನಪಿಗೆ ಪ್ರತಿ ವರ್ಷ ಆಕಿಯ ಗುಡಿ ಮುಂದ ಕಟಗಿಯ ದೋಣಿ ಇಟ್ಟು ಅರಮನಿಯವರ ಕೈಲೆ ಬೆಂಕಿ ಹಚ್ಚಿಸ್ತಾರ. ಮರುದಿನ ಮೆರವಣಿಗಿ. ಗುಡಿ ಭಾಳ ಸಣ್ಣದು, ಎರಡು ಗುಡ್ಡದ ಸಂದಿಯಾಗ. 1929ರಿಂದ ನಡೆಯೋ ಆ ಕಾರಿನ ಓಟದ ಮೊದಲ ತಿರುವು ಅದರ ಮುಂದನ.

— ಯಾರ್ಯಾರು ಸೇರಿದ್ರು?

— ಎಲ್ಲಾರೂ. ತುಪ್ಪಳದ ಕೋಟು ಹಾಕಿದವರು, ಅಡಿಗಿ ಮನಿಯಿಂದ ಬಿಳಿ ಅಂಗಿಯಾಗ ಹಂಗ ಬಂದವರು, ತಂದಿ ಹೆಗಲ ಮ್ಯಾಲಿನ ಕೂಸು. ದೋಣಿಯ ಬುಡಕ್ಕ ಬೆಂಕಿ ಹತ್ತಿದ ಕೂಡಲೆ ಎಲ್ಲಾರ ಮಾತು ನಿಂತ್ತು. ಪಟ್ ಪಟ್ ಅಂತ ಕಟಗಿ ಸಿಡಿಯೋ ಸಪ್ಪಳ ಅಷ್ಟ. ಬೆಂಕಿ ಮಾರಿ ಮ್ಯಾಲೆ ಬಿದ್ದಾಗ ಯಾರು ಸಿರಿವಂತರು, ಯಾರು ಕೆಲಸದವರು ಅಂತ ಗೊತ್ತಾಗ್ತಿರಲಿಲ್ಲ.

— ನನಗ ಮುದಗಲ್ಲ ನೆನಪಾತು. ಮೊಹರಮ್ಮಿನ ಖತಲ್ ರಾತ್ರಿ. ಸಣ್ಣಾವ ಇದ್ದಾಗ ಅಜ್ಜನ ಹೆಗಲ ಮ್ಯಾಲೆ ಕುಂತು ನೋಡಿದ್ದು. ಅಲಾಯಿ ಕುಣಿಯೊಳಗ ಕೆಂಡ, ಸುತ್ತಲೂ ಹೆಜ್ಜಿ ಹಾಕೋರು, ಹಲಗಿಯ ಬಡಿತ. ಅದು ಸಂತೋಷದ ಹಬ್ಬ ಅಲ್ಲ, ಹಸೇನ್ ಹುಸೇನರು ತೀರಿಕೊಂಡ ದುಃಖ. ದುಃಖಾನ ಇಡೀ ಊರು ಹೊತ್ತುಕೋತೈತಿ, ನಮ್ಮವರು ಅವರವರು ಅನ್ನಂಗಿಲ್ಲ. ಅಜ್ಜ ಲಿಂಗ ಕಟ್ಟಿದವ, ಆಲಂ ದೇವರಿಗೆ ಸಕ್ರಿ ಓದಿಸ್ತಿದ್ದ. ಅಮ್ಮ ಸಿಹಿ ಚೋಂಗ್ಯಾ ಮಾಡ್ತಿದ್ದಳು. ಅಲ್ಲಿ ಕೋಟಿ ಐತಿ, ಬಹಮನಿಯವರು ವಿಜಯನಗರದವರು ಈ ಎರಡು ಹೊಳಿ ನಡುವಿನ ದೋಆಬಿಗೆ ಬಡಿದಾಡಿದ ಗುರುತು. ಹಳೇ ಕ್ರೈಸ್ತರ ಮನಿಗಳೂ ಅದಾವ. ಎಷ್ಟೋ ರಾಜರು ಬಂದ್ರು, ಹೋದ್ರು; ಚೋಂಗ್ಯಾ ಮಾಡೋ ಕೈ ಉಳೀತು. ನಿನ್ನ ಮೊನಾಕೊದಾಗ ರಾಜರು ಯಾರು?

— ಗ್ರಿಮಾಲ್ಡಿ ಮನೆತನ. 1297ರ ಜನವರಿ 8ರ ರಾತ್ರಿ ಫ್ರಾನ್ಸೆಸ್ಕೊ ಗ್ರಿಮಾಲ್ಡಿ ಅನ್ನಾವ ಸನ್ಯಾಸಿ ವೇಷ ಹಾಕಿ ಕೋಟಿ ಬಾಗಿಲು ಬಡದ. ಒಳಗ ಬಿಟ್ಟ ಕೂಡಲೆ ನಿಲುವಂಗಿಯೊಳಗಿನ ಕತ್ತಿ ತಗದ. ಅವರ ಲಾಂಛನದಾಗ ಇವತ್ತಿಗೂ ಕತ್ತಿ ಹಿಡಿದ ಇಬ್ಬರು ಸನ್ಯಾಸಿಗಳು ಅದಾರ. ನಡುವ ಕೈ ತಪ್ಪಿತ್ತು, ಫ್ರಾನ್ಸಿನ ಕ್ರಾಂತಿಯಾಗ ದೇಶಾನ ಹೋಗಿತ್ತು, ಮತ್ತ ಬಂತು. ಈಗ ಎರಡನೇ ಆಲ್ಬರ್ಟ್. 1993ರಾಗ ವಿಶ್ವಸಂಸ್ಥಿಯಾಗ ಕುರ್ಚಿ ಸಿಕ್ತು, ನಮ್ಮ ದೇಶಕ್ಕ ಒಂದು ಮತ, ಅವರಿಗೂ ಒಂದು ಮತ.

— ಆ ಕತ್ತಿಯ ಸನ್ಯಾಸಿಗಿಂತ ನಿನ್ನ ಜಾನ್ ಕಾಕಾನ ನನಗ ಹೆಚ್ಚು ಇಷ್ಟ ಆದ.

— ಅದಕ್ಕನ ಇವತ್ತು ಅವನನ್ನ ಕರ್ಕೊಂಡು ಬಂದೀನಿ. ಎದ್ದೇಳ್ರಿ ಕಾಕಾ, ಒಳಗ ಬರ್ರಿ. ಸಂತಿಯಿಂದ ಪಾಲಕ್ ಎರಡು ಸಿವುಡು, ರಾಜಗಿರಿ ಒಂದು ಸಿವುಡು ತಂದೀನಿ, ಅವರ ಆ ಅಗಲೆಲಿ ಸೊಪ್ಪು ಇಲ್ಲಿ ಸಿಗೋದಿಲ್ಲ. ಹಾಲು ಒಡಿಸಿ ಅರಿವಿಯಾಗ ಕಟ್ಟಿ ಇಟ್ಟೀನಿ, ರಿಕೋಟಾಕ್ಕ ಬದಲಿ. ತತ್ತಿ ಬಿಡೋಣ. ಅನ್ನ ನಮ್ಮ ಗದ್ದಿಯ ಸೋನಾ ಮಸೂರಿಯದು, ನಿನ್ನಿದು, ಉದುರುದುರಾಗಿ ಐತಿ. ಹಂಗ ಬೇಕಾಗಿತ್ತು.

— ಸೊಪ್ಪು ನಾ ಹೆಚ್ಚತೀನಿ, ಈಳಿಗಿ ಕೊಡು. ಖಾರ ಏನಾದ್ರೂ ಹಾಕ್ತಾರೇನು ಇದಕ್ಕ?

— ಇಲ್ರಿ. ಒಂದೀಟು ಜಾಯಿಕಾಯಿ.

— ನಾಕು ಹಸಿಮೆಣಸಿನಕಾಯಿ ಜಜ್ಜಿ ಹಾಕು. ಜಾನ್ ಬ್ಯಾಡ ಅನ್ನೋದಿಲ್ಲ. ಸೊಪ್ಪಿನ ನೀರು ಗಟ್ಟಿ ಹಿಂಡು, ಇಲ್ಲಂದ್ರ ಎಣ್ಣಿಯೊಳಗ ಸಿಡೀತೈತಿ. ಕಣಕ ನೀ ಲಟ್ಟಿಸು, ಅಂಚು ನಾ ಒತ್ತತೀನಿ, ನಿಮ್ಮ ಅಮ್ಮ ಕಲಿಸಿದ ಮಡಿಕಿ ಐತಿ ನನ್ನ ಬೊಟ್ಟಿನ್ಯಾಗ. ಎಷ್ಟು ಆಗ್ತಾವ ಇವು?

— ಇಪ್ಪತ್ತು.

— ಸಾಲೋದಿಲ್ಲ. ಇನ್ನೊಂದು ಹದಿನೈದಕ್ಕ ಹಿಟ್ಟು ನಾದು.

— ನಾವು ಇರೋದ ಮೂರು ಮಂದಿ, ಕಾಕಾ.

— ಸಂಜಿಕ ಆ ಹುಡುಗ ಡಬ್ಬಿ ಒಯ್ಯಾಕ ಬರ್ತಾನ. ಖಾಲಿ ಡಬ್ಬಿ ಹೆಂಗ ಕೊಡೋದು?